ನಮ್ಮ ಪುರಭವನ ಹೈದರಾಬಾದಿನಲ್ಲಿತ್ತು

1905ನೆಯ ಇಸವಿಯಲ್ಲಿ ನಿಜಾಮರ ರಾಜ್ಯದಲ್ಲಿ ಎರಡು ಘಟನೆಗಳು ನಡೆದವು. ಒಂದಕ್ಕೊಂದು ಸಂಬಂಧವಿರಲಿಲ್ಲ. ಮೊದಲನೆಯದು ಕಾಗದದ ಮೇಲೆ ನಡೆದದ್ದು: ಅಲ್ಲಿಯವರೆಗೆ ಜಿಲ್ಲೆಯಾಗಿದ್ದ ಲಿಂಗಸುಗೂರು ಆ ವರ್ಷದ ಪುನರ್ವಿಂಗಡಣೆಯಲ್ಲಿ ಜಿಲ್ಲೆಯೆಂಬ ಪಟ್ಟ ಕಳೆದುಕೊಂಡಿತು. ಎರಡನೆಯದು ಕಲ್ಲಿನ ಮೇಲೆ ನಡೆದದ್ದು: ಹೈದರಾಬಾದಿನ ಬಾಗ್-ಎ-ಆಮ್ ಉದ್ಯಾನದಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ನಲವತ್ತನೆಯ ಹುಟ್ಟುಹಬ್ಬದ ನೆನಪಿಗಾಗಿ ಒಂದು ಪುರಭವನಕ್ಕೆ ಬುನಾದಿ ಬಿದ್ದಿತು.

ಅರ್ಧ ಶತಮಾನ ಕಳೆಯುವಷ್ಟರಲ್ಲಿ ಈ ಎರಡು ಸಂಗತಿಗಳೂ ಒಂದೆಡೆ ಬಂದು ಸೇರಿದವು. ಲಿಂಗಸುಗೂರು, ಸಿಂಧನೂರು, ಮಸ್ಕಿ ಸೀಮೆಯ ಜನ ತಾವೇ ಮತ ಹಾಕಿ ಆರಿಸಿದ ಮೊದಲ ಶಾಸಕರು ಹೋಗಿ ಕುಳಿತದ್ದು ಅದೇ ಪುರಭವನದಲ್ಲಿ. ಈ ಸೀಮೆ ಕನ್ನಡ ನಾಡಿಗೆ ಸೇರಬೇಕೆ ಎಂಬ ಪ್ರಶ್ನೆ ಚರ್ಚೆಗೆ ಬಂದದ್ದೂ ಅಲ್ಲಿಯೇ. ಆದರೂ ನಮ್ಮ ಕಡೆಯ ಹೊಸ ತಲೆಮಾರಿಗೆ ಆ ಕಟ್ಟಡದ ಹೆಸರು ಅಪರಿಚಿತ. ಹೈದರಾಬಾದಿಗೆ ಆಸ್ಪತ್ರೆಗೋ ವ್ಯಾಪಾರಕ್ಕೋ ಹೋದವರು ನಾಂಪಲ್ಲಿ ನಿಲ್ದಾಣದ ಸಮೀಪ ಬೆಳ್ಳಗೆ ಹೊಳೆಯುವ ಅದರ ಗುಮ್ಮಟಗಳನ್ನು ಕಂಡಿರುತ್ತಾರೆ. ಅದು ಒಂದು ಕಾಲಕ್ಕೆ ನಮ್ಮದೂ ಆಗಿತ್ತೆಂದು ಯಾರೂ ಹೇಳಿರುವುದಿಲ್ಲ.

ಜಿಲ್ಲೆಯಾಗಿದ್ದ ಊರು

ಮೊದಲು ಲಿಂಗಸುಗೂರಿನ ಕತೆ ನೋಡೋಣ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡು ಇತಿಹಾಸದುದ್ದಕ್ಕೂ ಅರಸರ ಕಾದಾಟದ ಕಣವಾಗಿತ್ತು. ವಿಜಯನಗರದವರೂ ಬಹಮನಿಗಳೂ ಮುದಗಲ್ಲು, ರಾಯಚೂರು ಕೋಟೆಗಳಿಗಾಗಿ ಮತ್ತೆ ಮತ್ತೆ ಸೆಣಸಿದರು. 19ನೆಯ ಶತಮಾನದಲ್ಲಿ ಇದೇ ನೆಲ ಸಾಲದ ಲೆಕ್ಕಕ್ಕೆ ಸಿಕ್ಕಿಕೊಂಡಿತು. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆಯ ಅಧಿಕಾರಿಗಳು ಬ್ರಿಟಿಷರು, ಖರ್ಚು ಮಾತ್ರ ನಿಜಾಮರದು. ಆ ಬಾಕಿ ಬೆಳೆದಾಗ 1853ರ ಒಪ್ಪಂದದಂತೆ ಬೇರಾರ್ ಪ್ರಾಂತದೊಂದಿಗೆ ರಾಯಚೂರು ದೋಆಬನ್ನೂ ನಿಜಾಮರು ಬ್ರಿಟಿಷರ ವಶಕ್ಕೆ ಒಪ್ಪಿಸಬೇಕಾಯಿತು. 1860ರಲ್ಲಿ ದೋಆಬು ಮರಳಿ ನಿಜಾಮರ ಕೈಗೆ ಬಂದಿತು.

ಲಿಂಗಸುಗೂರಿನಲ್ಲಿ ಆ ಕಂಟಿಂಜೆಂಟಿನ ಛಾವಣಿ ಇತ್ತು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರಿಗೆ ಎದುರಾಗಿ ನಿಂತಾಗ ಅವರ ಮೇಲೆ ದಂಡು ಹೊರಟದ್ದು ಇಲ್ಲಿಂದಲೇ. ಹಳೆಯ ಊರು ಇಂದಿಗೂ ಕಸಬಾ ಲಿಂಗಸುಗೂರು ಎಂಬ ಹೆಸರಿನಲ್ಲೇ ಇದೆ. ಕಚೇರಿ, ಬಂಗಲೆ, ಪೇಟೆಗಳ ಊರು ಛಾವಣಿಯ ಸುತ್ತ ಬೆಳೆಯಿತು.

1905ರವರೆಗೆ ಲಿಂಗಸುಗೂರು ಜಿಲ್ಲೆಯ ಹರವು ಸಣ್ಣದಾಗಿರಲಿಲ್ಲ. ಆ ವರ್ಷ ಜಿಲ್ಲೆ ಒಡೆದಾಗ ಲಿಂಗಸುಗೂರು, ಸಿಂಧನೂರು, ಕುಷ್ಟಗಿ, ಗಂಗಾವತಿ ತಾಲ್ಲೂಕುಗಳು ರಾಯಚೂರಿಗೆ ಹೋದವು. ಸುರಪುರ, ಶಹಾಪುರಗಳು ಗುಲಬರ್ಗಾಕ್ಕೆ ಹೋದವು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ರಾಯಚೂರು, ಕೊಪ್ಪಳ, ಯಾದಗಿರಿ ಎಂಬ ಮೂರು ಜಿಲ್ಲೆಗಳಲ್ಲಿ ಆ ಹಳೆಯ ಜಿಲ್ಲೆ ಹಂಚಿಹೋಗಿದೆ. ರಾಯಚೂರಿಗೆ 1871ರಲ್ಲಿಯೇ ರೈಲು ಬಂದು, ಮುಂಬಯಿ ಮತ್ತು ಮದರಾಸಿನ ಹಳಿಗಳು ಅಲ್ಲಿ ಕೂಡಿದ್ದವು. ಲಿಂಗಸುಗೂರಿಗೆ ಆ ಭಾಗ್ಯ ಬರಲಿಲ್ಲ. ನೆರೆಯ ಸಿಂಧನೂರಿಗೆ ರೈಲು ಬಂದದ್ದೂ 2024ರಲ್ಲಿ.

ಪಟ್ಟ ಹೋದ ಊರಿನಲ್ಲಿ ಕಟ್ಟಡಗಳಿಗೆ ಆಗುವುದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಅಧಿಕಾರಿ ಹೋದ ಮೇಲೆ ದೊಡ್ಡ ಬಂಗಲೆಗೆ ಸುಣ್ಣ ಬಳಿಯುವವರಿರುವುದಿಲ್ಲ. ಕೆಲವು ಕಟ್ಟಡ ಸಣ್ಣ ಕಚೇರಿಯಾಗಿ ಉಳಿಯುತ್ತವೆ, ಕೆಲವು ಗೋದಾಮಾಗುತ್ತವೆ, ಕೆಲವು ಯಾರದೂ ಅಲ್ಲವಾಗುತ್ತವೆ.

ಚಾವಡಿಯಿಂದ ಪುರಭವನಕ್ಕೆ

ಪುರಭವನ ಎಂಬುದು ಟೌನ್ ಹಾಲ್ ಎಂಬ ಇಂಗ್ಲಿಷ್ ಮಾತಿಗೆ ನಾವು ಕೊಟ್ಟುಕೊಂಡ ಹೆಸರು. ಮಾತು ಹೊಸದಾದರೂ ಅದರ ಹಿಂದಿನ ಅಗತ್ಯ ನಮಗೆ ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ಚಾವಡಿ ಇತ್ತು, ಅರಳಿಕಟ್ಟೆ ಇತ್ತು, ಗುಡಿಯ ಮುಂದಿನ ಜಗಲಿ ಇತ್ತು. ಕಂದಾಯ ಕಟ್ಟುವುದು, ನ್ಯಾಯ ತೀರಿಸುವುದು, ಜಾತ್ರೆಯ ದಿನ ಗೊತ್ತು ಮಾಡುವುದು ಎಲ್ಲ ಅಲ್ಲಿಯೇ. ಆದರೆ ಚಾವಡಿಯಲ್ಲಿ ಯಾರು ಮೇಲೆ ಕೂರಬೇಕು, ಯಾರು ಕೆಳಗೆ ನಿಲ್ಲಬೇಕು, ಯಾರು ಮೆಟ್ಟಿಲೇ ಹತ್ತಬಾರದು ಎಂಬುದು ಮೊದಲೇ ನಿಗದಿಯಾಗಿತ್ತು. ಊರಿನ ಯಾರು ಬೇಕಾದರೂ ಒಳಗೆ ಬಂದು ಕುಳಿತುಕೊಳ್ಳಬಹುದಾದ ಸೂರು ಎಂಬ ಕಲ್ಪನೆ ಪುರಭವನದ್ದು. ಆ ಕಲ್ಪನೆ ಎಲ್ಲ ಕಡೆಯೂ ನಿಜವಾಯಿತೆಂದಲ್ಲ. ಆದರೆ ಕಟ್ಟುವಾಗ ಹೇಳಿದ ಮಾತು ಅದು.

ಕಲ್ಕತ್ತೆಯಲ್ಲಿ 1813ರಲ್ಲಿ, ಮುಂಬಯಿಯಲ್ಲಿ 1833ರಲ್ಲಿ ಟೌನ್ ಹಾಲುಗಳು ಸಿದ್ಧವಾದವು. ಕನ್ನಡ ನಾಡಿನ ಹೆಸರಾಂತ ಪುರಭವನ ಮೈಸೂರಿನದು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದಾಗ ದಿವಾನರಾದ ಸಿ. ರಂಗಾಚಾರ್ಲು ಅದೇ ವರ್ಷ ದಸರೆಯ ಹೊತ್ತಿಗೆ ಪ್ರಜಾಪ್ರತಿನಿಧಿ ಸಭೆ ಕರೆದರು. 144 ಮಂದಿ ಬಂದಿದ್ದರು. ಅಧಿಕಾರವೇನೂ ಇಲ್ಲದ, ಅಹವಾಲು ಹೇಳುವ ಸಭೆ ಅದು. ಆದರೂ ದೇಶೀಯ ಸಂಸ್ಥಾನವೊಂದರಲ್ಲಿ ಪ್ರಜೆಗಳನ್ನು ಕೂರಿಸಿ ಆಯವ್ಯಯ ಓದಿ ಹೇಳಿದ್ದು ಸಣ್ಣ ಸಂಗತಿಯಲ್ಲ. 1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ಅವರ ನೆನಪಿಗೆ 1884ರಲ್ಲಿ ಆರಂಭವಾದ ಕಟ್ಟಡವೇ ರಂಗಾಚಾರ್ಲು ಪುರಭವನ. ಬೆಂಗಳೂರಿನ ಪುರಭವನ ಬಂದದ್ದು ಬಹಳ ತಡವಾಗಿ. 1933ರಲ್ಲಿ ಶಂಕುಸ್ಥಾಪನೆ, 1935ರಲ್ಲಿ ಉದ್ಘಾಟನೆ. ಅದಕ್ಕೆ ನಗರಸಭೆಯ ಅಧ್ಯಕ್ಷರಾಗಿದ್ದ ಸರ್ ಪುಟ್ಟಣ್ಣ ಚೆಟ್ಟಿಯವರ ಹೆಸರು.

ಮೈಸೂರಿನ ಕತೆ ನಮ್ಮ ಪಠ್ಯಪುಸ್ತಕಗಳಲ್ಲಿದೆ. ಸಿಂಧನೂರಿನ ಹುಡುಗ ಅದನ್ನು ಓದಿ ಪರೀಕ್ಷೆಯಲ್ಲಿ ಬರೆಯುತ್ತಾನೆ. ಆದರೆ 1881ರಲ್ಲಿ ಅವನ ಮುತ್ತಜ್ಜ ಮೈಸೂರಿನ ಪ್ರಜೆಯಾಗಿರಲಿಲ್ಲ, ನಿಜಾಮರ ಪ್ರಜೆಯಾಗಿದ್ದ. ಅವನ ಮನೆಯ ಇತಿಹಾಸವನ್ನು ಬೇರೊಂದು ಪುರಭವನದಲ್ಲಿ ಹುಡುಕಬೇಕು.

ಬಿಳಿಯ ಕಟ್ಟಡ

ಹೈದರಾಬಾದಿನ ಪುರಭವನ ಕಟ್ಟಿ ಮುಗಿಯಲು ಎಂಟು ವರ್ಷ ಹಿಡಿಯಿತು. ಯಾರ ಹುಟ್ಟುಹಬ್ಬಕ್ಕೆ ಕಟ್ಟಲು ತೊಡಗಿದರೋ ಆ ಮಹಬೂಬ್ ಅಲಿ ಖಾನರು 1911ರಲ್ಲಿ ನಿಧನರಾದರು. 1913ರಲ್ಲಿ ಕಟ್ಟಡ ಸಿದ್ಧವಾದಾಗ ಅವರ ಮಗ ಮೀರ್ ಉಸ್ಮಾನ್ ಅಲಿ ಖಾನರು ಪಟ್ಟದಲ್ಲಿದ್ದರು. ರಾಜಸ್ಥಾನಿ ಮತ್ತು ಪರ್ಷಿಯನ್ ಶೈಲಿಗಳು ಬೆರೆತ ಈ ಕಟ್ಟಡದ ಗುಮ್ಮಟ, ಕಮಾನು, ಪುಟ್ಟ ಮಿನಾರುಗಳು ಎಲ್ಲವೂ ಅಚ್ಚ ಬಿಳುಪು. ದೂರದಿಂದ ನೋಡಿದರೆ ಅರಮನೆಯೋ ಎಂಬ ಭ್ರಮೆ ಹುಟ್ಟುತ್ತದೆ.

ಅರಮನೆಯಂತಿದ್ದ ಈ ಪುರಭವನದಲ್ಲಿ ಪುರಜನರ ರಾಜಕೀಯದ ಮಾತಿಗೆ ಅವಕಾಶ ಕಡಿಮೆಯಿತ್ತು. ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ, ಉರ್ದು ಮಾತನಾಡುವ ಜನರಿದ್ದರು. ಆಡಳಿತದ ಭಾಷೆ ಉರ್ದು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಹುಟ್ಟುತ್ತಿದ್ದಂತೆಯೇ ನಿಷೇಧಕ್ಕೆ ಒಳಗಾಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಇಲ್ಲಿಯವರು ಹದಿಮೂರು ತಿಂಗಳು ಕಾಯಬೇಕಾಯಿತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಪ್ರವೇಶಿಸಿ, 17ರಂದು ನಿಜಾಮರು ಶರಣಾದರು. ಆ ದಿನವನ್ನು ಇಂದು ಕಲ್ಯಾಣ ಕರ್ನಾಟಕದ ಊರೂರಲ್ಲಿ ಬಾವುಟ ಏರಿಸಿ ಆಚರಿಸುತ್ತೇವೆ.

ಆ ಬಾವುಟದ ಅರ್ಥ ಪೂರ್ಣವಾದದ್ದು ನಾಲ್ಕು ವರ್ಷದ ಬಳಿಕ. 1952ರಲ್ಲಿ ವಯಸ್ಕ ಮತದಾನದ ಮೇಲೆ ಹೈದರಾಬಾದ್ ರಾಜ್ಯದ ವಿಧಾನಸಭೆಗೆ ಚುನಾವಣೆ ನಡೆಯಿತು. 175 ಸ್ಥಾನಗಳ ಆ ಸಭೆಗೆ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರೂ ಆಯ್ಕೆಯಾಗಿ ಹೋದರು. ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದರು. ನಿಜಾಮರು ರಾಜಪ್ರಮುಖರೆಂಬ ಹೆಸರಿನಲ್ಲಿ ಇನ್ನೂ ರಾಜ್ಯದ ಮುಖ್ಯಸ್ಥರೇ. ಆದರೆ ಅವರ ತಂದೆಯ ಹೆಸರು ಹೊತ್ತ ಪುರಭವನದಲ್ಲಿ ಈಗ ಕಾನೂನು ಮಾಡುವವರು ರೈತರ, ವಕೀಲರ, ಕಾರ್ಮಿಕರ ಮತದಿಂದ ಗೆದ್ದು ಬಂದವರು. ಒಂದು ಕಟ್ಟಡದ ಅರ್ಥ ಗೋಡೆ ಬದಲಾಗದೆಯೂ ಹೀಗೆ ತಿರುವುಮುರುವಾಗಬಲ್ಲದು.

1955ರಲ್ಲಿ ಆ ಸಭೆಯ ಮುಂದೆ ಬಂದ ವಿಷಯ ರಾಜ್ಯಗಳ ಪುನರ್ವಿಂಗಡಣಾ ಆಯೋಗದ ವರದಿ. ಫಜಲ್ ಅಲಿ ಅಧ್ಯಕ್ಷತೆಯ ಈ ಆಯೋಗ ಭಾಷೆಯ ಮೇಲೆ ದೇಶದ ನಕ್ಷೆಯನ್ನು ಮರುಬರೆಯುವ ಸಲಹೆ ಮಾಡಿತ್ತು. ನೂರಕ್ಕೂ ಹೆಚ್ಚು ಶಾಸಕರು ಎದ್ದು ತಮ್ಮ ಅಭಿಪ್ರಾಯ ಹೇಳಿದರು. ತಾವು ಕುಳಿತಿರುವ ಸಭೆಯೇ ಇಲ್ಲವಾಗುವ ಬಗೆಗೆ ಆ ಸಭೆಯಲ್ಲೇ ಚರ್ಚೆ! 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ, ಕನ್ನಡ ಜಿಲ್ಲೆಗಳು ಮೈಸೂರಿಗೆ. ರಾಯಚೂರು ಜಿಲ್ಲೆಯದೇ ಆಗಿದ್ದ ಗದ್ವಾಲ, ಆಲಂಪುರಗಳು ಆಂಧ್ರದ ಪಾಲಾದವು. ನಮ್ಮ ಶಾಸಕರು ಹೈದರಾಬಾದಿನ ಬಿಳಿಯ ಕಟ್ಟಡದಿಂದ ಬೆಂಗಳೂರಿನ ಹೊಸ ವಿಧಾನಸೌಧಕ್ಕೆ ಬಂದರು. ಹಿಂತಿರುಗಿ ನೋಡುವ ಪ್ರಮೇಯ ಬರಲಿಲ್ಲ.

ಉಳಿದದ್ದು ಹೇಗೆ?

ಆಮೇಲಿನ ಕತೆ ಸಂರಕ್ಷಣೆಯ ದೃಷ್ಟಿಯಿಂದ ಗಮನಿಸುವಂಥದು. 1956ರಿಂದ ಅದು ಆಂಧ್ರಪ್ರದೇಶದ ವಿಧಾನಸಭೆಯಾಯಿತು. ಸದಸ್ಯರ ಸಂಖ್ಯೆ ಹೆಚ್ಚಿ ಜಾಗ ಸಾಲದಾದಾಗ ಹಳೆಯದನ್ನು ಕೆಡವಲಿಲ್ಲ. ಅದೇ ಆವರಣದಲ್ಲಿ ಅದನ್ನೇ ಹೋಲುವ ಹೊಸ ಕಟ್ಟಡವನ್ನು ಕಟ್ಟಿ 1985ರಲ್ಲಿ ಸಭೆಯನ್ನು ಅಲ್ಲಿಗೆ ಸಾಗಿಸಿದರು. 2014ರಲ್ಲಿ ತೆಲಂಗಾಣ ರಾಜ್ಯ ಹುಟ್ಟಿದಾಗ ಆವರಣ ಅದರ ಪಾಲಿಗೆ ಬಂದಿತು.

2019ರಲ್ಲಿ ತೆಲಂಗಾಣ ಸರ್ಕಾರ ವಿಧಾನಸಭೆಗೆ ಇನ್ನೊಂದು ಹೊಸ ಸಂಕೀರ್ಣ ಕಟ್ಟಲು ಹೊರಟಿತು. ಅದಕ್ಕೆ ಆರಿಸಿದ ಜಾಗದಲ್ಲಿ ಇರ್ರಂ ಮಂಜಿಲ್ ಎಂಬ 19ನೆಯ ಶತಮಾನದ ಅರಮನೆಯಿತ್ತು. ಅದನ್ನು ಕೆಡವಲು ಸಂಪುಟ ತೀರ್ಮಾನಿಸಿತು. ನಾಗರಿಕರು ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಕೋರ್ಟು ಸಂಪುಟದ ತೀರ್ಮಾನವನ್ನು ರದ್ದು ಮಾಡಿತು. ಇರ್ರಂ ಮಂಜಿಲ್ ಉಳಿಯಿತು. ಹಳೆಯ ಪುರಭವನವನ್ನು ದುರಸ್ತಿ ಮಾಡಿ ಮತ್ತೆ ಬಳಸುವ ಯೋಚನೆ ಆ ಬಳಿಕ ಬಲ ಪಡೆಯಿತು. ವಿಧಾನಪರಿಷತ್ತನ್ನು ಅಲ್ಲಿಗೆ ತರುವ ಉದ್ದೇಶದಿಂದ ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟಿನ ನೆರವಿನಲ್ಲಿ ಜೀರ್ಣೋದ್ಧಾರ ಕೈಗೊಂಡರು. ಹೈದರಾಬಾದಿನಲ್ಲೇ ಕುತುಬ್‌ಶಾಹಿ ಗೋರಿಗಳನ್ನು ಸರಿಪಡಿಸಿ ಅನುಭವ ಪಡೆದ ಸಂಸ್ಥೆ ಅದು.

ಇದರಿಂದ ತಿಳಿಯುವುದಿಷ್ಟು. ಬಳಕೆಯಲ್ಲಿರುವ ಕಟ್ಟಡ ಬದುಕುತ್ತದೆ. ಸುರಪುರದಲ್ಲಿ ಮೆಡೋಸ್ ಟೇಲರ್ 1840ರ ದಶಕದಲ್ಲಿ ಕಟ್ಟಿಸಿದ ಟೇಲರ್ ಮಂಜಿಲ್ ಉಳಿದದ್ದು ಸರ್ಕಾರದ ಅತಿಥಿಗೃಹವಾಗಿ ಬಳಕೆಗೆ ಬಂದುದರಿಂದ. ಬಳಸುವವರಿದ್ದರೆ ಹೆಂಚು ಜಾರಿದ್ದು, ನೀರು ಸೋರಿದ್ದು ಅದೇ ಮಳೆಗಾಲದಲ್ಲಿ ಕಣ್ಣಿಗೆ ಬೀಳುತ್ತದೆ. ಬೀಗ ಹಾಕಿದ ಮನೆಯಲ್ಲಿ ಅದೇ ಸೋರಿಕೆ ಹತ್ತು ವರ್ಷ ಯಾರಿಗೂ ಕಾಣದೆ ತೊಲೆಯನ್ನು ತಿನ್ನುತ್ತದೆ.

ಸುಣ್ಣಕ್ಕೆ ಸುಣ್ಣವೇ ಮದ್ದು

ಕಟ್ಟಡ ಹಳೆಯದಾದ್ದರಿಂದ ಬೀಳುತ್ತದೆ ಎಂದು ನಾವು ಭಾವಿಸುತ್ತೇವೆ. ಬಹುಪಾಲು ಅದು ಬೀಳುವುದು ನೀರಿನಿಂದ ಮತ್ತು ತಪ್ಪು ದುರಸ್ತಿಯಿಂದ. ನಮ್ಮ ಕಡೆಯ ಹಳೆಯ ಕಚೇರಿ, ಬಂಗಲೆಗಳ ಗೋಡೆ ಕಲ್ಲು ಅಥವಾ ಇಟ್ಟಿಗೆಯದು. ಅವನ್ನು ಹಿಡಿದಿರುವುದು ಸುಣ್ಣದ ಗಾರೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ನೆನೆಸಿ ಅರಳಿಸಿ, ಮರಳು ಅಥವಾ ಇಟ್ಟಿಗೆ ಪುಡಿ ಬೆರೆಸಿ, ಎತ್ತಿನ ಗಾಣದಲ್ಲಿ ಅರೆದು ಮಾಡುತ್ತಿದ್ದ ಗಾರೆ ಅದು. ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುವುದೂ ಇತ್ತು. ಸುಣ್ಣ ನಿಧಾನವಾಗಿ ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಆದರೆ ಸೂಕ್ಷ್ಮ ರಂಧ್ರಗಳನ್ನು ಉಳಿಸಿಕೊಳ್ಳುತ್ತದೆ. ನೆಲದಿಂದ ಏರಿದ ತೇವ ಆ ರಂಧ್ರಗಳ ಮೂಲಕ ಹೊರಗೆ ಹೋಗುತ್ತದೆ. ಗೋಡೆ ಉಸಿರಾಡುತ್ತದೆ ಎಂದು ಗಾರೆ ಕೆಲಸದವರು ಹೇಳುವುದು ಇದನ್ನೇ.

ಇಂಥ ಗೋಡೆಗೆ ಸಿಮೆಂಟು ಬಳಿದರೆ ಹೊರಗೆ ಅಚ್ಚುಕಟ್ಟಾಗಿ ಕಾಣುತ್ತದೆ. ಒಳಗೆ ತೇವಕ್ಕೆ ದಾರಿ ಮುಚ್ಚಿಹೋಗುತ್ತದೆ. ತೇವದೊಡನೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಕೆಲವು ವರ್ಷಗಳಲ್ಲಿ ಸಿಮೆಂಟಿನ ಪದರ ಉಬ್ಬಿ, ಹಳೆಯ ಇಟ್ಟಿಗೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಆಗ ಎಂಜಿನಿಯರರು ಬಂದು ಕಟ್ಟಡ ಶಿಥಿಲವಾಗಿದೆ ಎಂದು ಬರೆಯುತ್ತಾರೆ. ಮದ್ದೇ ರೋಗವಾದುದನ್ನು ವರದಿ ಹೇಳುವುದಿಲ್ಲ. ಜೊತೆಗೆ ತಾರಸಿಯ ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿ. ಚಿಕ್ಕದಿದ್ದಾಗ ಎರಡು ಬೆರಳಲ್ಲಿ ಕೀಳಬಹುದಾದ ಅದನ್ನು ಪೂಜ್ಯವೆಂದೋ ಉದಾಸೀನದಿಂದಲೋ ಬಿಟ್ಟರೆ ಬೇರು ಗೋಡೆಯನ್ನೇ ಸೀಳುತ್ತದೆ.

ಉದಾಸೀನದ ಬೆಲೆ ಏನೆಂದು ಮೈಸೂರು ಕಂಡಿದೆ. 2012ರ ಆಗಸ್ಟ್ 25ರಂದು ಅಲ್ಲಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಬಿದ್ದಿತು. ಎರಡೂ ಮಳೆಗಾಲದಲ್ಲಿ. ಪರಂಪರೆಯ ನಗರವೆಂದು ಹೆಸರಾದ, ತಜ್ಞರೂ ಅಭಿಮಾನಿಗಳೂ ಇರುವ ಊರಿನ ಗತಿಯೇ ಇದಾದರೆ, ಹೆಸರಿಲ್ಲದ ಊರುಗಳ ಕಟ್ಟಡಗಳ ಗತಿಯೇನು? ಅಲ್ಲಿ ಬಿದ್ದರೆ ಸುದ್ದಿಯೂ ಆಗುವುದಿಲ್ಲ.

ಪಟ್ಟಿಗೆ ಸೇರಿದ ಬಂಡೆ

ಹೆಸರಿದ್ದರೆ, ಪಟ್ಟಿಗೆ ಸೇರಿದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿಯೇ ಮಸ್ಕಿ ಇದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತ ಇಲ್ಲಿಯ ಗುಡ್ಡ ಹತ್ತಿದಾಗ ಗವಿಯಂತಹ ಜಾಗದಲ್ಲಿ ಅಕ್ಷರಗಳಿರುವ ಬಂಡೆ ಕಂಡರು. ಅದು ಬ್ರಾಹ್ಮಿ ಲಿಪಿಯ ಶಾಸನ. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದವೇ ಹೊರತು ಅರಸನ ಹೆಸರಿರಲಿಲ್ಲ. ಸಿಂಹಳದ ಗ್ರಂಥಗಳ ಆಧಾರದಿಂದ ಅವನು ಅಶೋಕನೆಂದು ವಿದ್ವಾಂಸರು ಊಹಿಸಿದ್ದರು. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು! ಎಂಟು ದಶಕಗಳ ಊಹೆ ಒಂದು ಪದದಿಂದ ಸಾಬೀತಾಯಿತು.

ಸುದೈವದಿಂದ ಹೈದರಾಬಾದ್ ಸಂಸ್ಥಾನದಲ್ಲಿ ಹಿಂದಿನ ವರ್ಷವಷ್ಟೇ, 1914ರಲ್ಲಿ, ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಪುರಾತತ್ತ್ವ ಇಲಾಖೆ ಆರಂಭವಾಗಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿಕೊಟ್ಟರು. ಅವರ ಓದು ಆ ಇಲಾಖೆಯ ಪ್ರಕಟಣ ಮಾಲೆಯ ಮೊದಲ ಪುಸ್ತಿಕೆಯಾಯಿತು. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಉತ್ಖನನ ಮಾಡಿದರು. ಇಂದು ಬಂಡೆ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿಯಂತೆ ಇಂಥ ಸ್ಮಾರಕದ ಸುತ್ತ 100 ಮೀಟರಿನೊಳಗೆ ಕಟ್ಟುವಂತಿಲ್ಲ. ಅದರಾಚೆ 200 ಮೀಟರಿನವರೆಗೆ ಅನುಮತಿ ಬೇಕು.

ಯೋಚಿಸಿ ನೋಡಿದರೆ ಆ ಬಂಡೆಯೂ ಒಂದು ಬಗೆಯ ಪುರಭವನವೇ. ಅರಸನು ಪ್ರಜೆಗಳಿಗೆ, ಸಣ್ಣವರೂ ದೊಡ್ಡವರೂ ಪ್ರಯತ್ನಿಸಿದರೆ ಒಳ್ಳೆಯದನ್ನು ಪಡೆಯಬಹುದು ಎಂದು ಸಾರಿ ಹೇಳಿದ ಜಾಗ. ಅಂದು ಹೇಳುವವನು ಅರಸ, ಕೇಳುವವರು ಜನ. ಎರಡು ಸಾವಿರ ವರ್ಷ ದಾಟಿದ ಮೇಲೆ, 1952ರಲ್ಲಿ, ಇದೇ ನೆಲದ ಜನ ಹೇಳುವವರಾದರು. ಬಂಡೆ ಪಟ್ಟಿಯಲ್ಲಿದೆ. ಎರಡರ ನಡುವಣ ಕಾಲದ ಕಚೇರಿ, ಚಾವಡಿ, ಶಾಲೆ, ಬಂಗಲೆಗಳಿಗೆ ಆ ಯೋಗವಿಲ್ಲ. ಕೋಟೆ, ಗುಡಿ, ಮಸೀದಿ, ಶಾಸನಗಳನ್ನು ಸ್ಮಾರಕವೆನ್ನಲು ನಮಗೆ ಅಭ್ಯಾಸವಾಗಿದೆ. ಕಂದಾಯದ ಕಚೇರಿಯನ್ನು ಹಾಗೆನ್ನಲು ನಾಲಿಗೆ ತಡೆಯುತ್ತದೆ. ತಾತ ಸಾಲುಗಟ್ಟಿ ನಿಂತು ಕೈಮುಗಿದ ಜಾಗವೂ, ಅಪ್ಪ ಮೊದಲ ಸಲ ಮತ ಹಾಕಿದ ಜಾಗವೂ ಅದೇ ಆಗಿರಬಹುದು.

ಕಾಲ ಅವಸರದಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭತ್ತದ ಪೇಟೆಯಾಗಿ ಬೆಳೆಯಿತು. 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಮಸ್ಕಿಯೂ ಒಂದು. ಅಲ್ಲಿ ಹೊಸ ಕಚೇರಿಗಳು ಬೇಕು. ಬೆಳೆಯುವ ಊರಿಗೆ ಜಾಗ ಬೇಕೇ ಬೇಕು. ಹಳೆಯದೆಲ್ಲವೂ ಉಳಿಯಲೆಂದು ಯಾರೂ ಹೇಳಲಾರರು. ಆದರೆ ಯಾವುದು ಹೋಗುತ್ತಿದೆ ಎಂದು ತಿಳಿದು ಕಳೆದುಕೊಳ್ಳುವುದಕ್ಕೂ ತಿಳಿಯದೆ ಕಳೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ.

ಆಗಬೇಕಾದ ಮೊದಲ ಕೆಲಸಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಈ ಮೂರು ಊರುಗಳ ಕಾಲೇಜುಗಳಲ್ಲಿ ಇತಿಹಾಸ ಓದುವ ಮಕ್ಕಳು ಒಂದು ಬೇಸಿಗೆಯಲ್ಲಿ ನೂರು ವರ್ಷಕ್ಕೆ ಮೇಲ್ಪಟ್ಟ ಸಾರ್ವಜನಿಕ ಕಟ್ಟಡಗಳ ಪಟ್ಟಿ ಮಾಡಲಿ. ಫೋಟೋ, ಅಳತೆ, ಕಟ್ಟಿದ ಕಾಲ, ಯಾವ ಇಲಾಖೆಯ ಸ್ವತ್ತು, ಹಿರಿಯರು ಹೇಳುವ ನೆನಪು, ಇಷ್ಟನ್ನು ಬರೆದಿಡಲಿ. ಪುರಸಭೆ, ನಗರಸಭೆಗಳು ಆ ಪಟ್ಟಿಯನ್ನು ಒಪ್ಪಿಕೊಂಡು, ಯಾವುದನ್ನಾದರೂ ಕೆಡಹುವ ಮುನ್ನ ಒಮ್ಮೆ ಸಾರ್ವಜನಿಕವಾಗಿ ಚರ್ಚಿಸಲಿ. ಗಟ್ಟಿಯಾಗಿರುವ ಒಂದೆರಡನ್ನು ಸುಣ್ಣದ ಗಾರೆಯಲ್ಲೇ ದುರಸ್ತಿ ಮಾಡಿ ವಾಚನಾಲಯಕ್ಕೋ ಊರಿನ ಸಭೆಗಳಿಗೋ ಬಿಟ್ಟುಕೊಡಲಿ. ಲಿಂಗಸುಗೂರಿಗೆ ತನ್ನದೇ ಪುರಭವನ ಆಗ ದೊರೆತಂತಾಗುತ್ತದೆ.

ಜಿಲ್ಲೆಯ ಪಟ್ಟ ಹೋಗಿ ಶತಮಾನ ದಾಟಿತು. ಅದು ಮರಳಿ ಬರುವುದೋ ಇಲ್ಲವೋ ಸರ್ಕಾರಕ್ಕೆ ಬಿಟ್ಟದ್ದು. ಮಳೆಗಾಲಕ್ಕೆ ಮುಂಚೆ ತಾರಸಿ ಹತ್ತಿ ಅರಳಿ ಸಸಿ ಕೀಳುವುದು ಮಾತ್ರ ಊರಿನವರ ಕೈಯಲ್ಲಿದೆ.